ಗಿಟಾರಿನ ಲಂಗೋಟಿ ಸಡಿಲಾದರೆ

ತಂಬೂರಿಯ ಬುರುಡೆಯ ಬುಡದಲ್ಲಿ ತಂತಿ ಕಟ್ಟುವ ಪಟ್ಟಿಗೆ ಹಿಂದೂಸ್ತಾನಿಯವರು ಲಂಗೋಟ್ ಅನ್ನುತ್ತಾರೆ. ಧಾರವಾಡದಲ್ಲಿ ಈ ಮಾತಿಗೆ ಯಾರೂ ನಗುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದೇ ಕೆಲಸ ಮಾಡುವ ಲೋಹದ ಪಟ್ಟಿಗೆ ಟೇಲ್‌ಪೀಸ್ ಎಂಬ ಸಭ್ಯ ಹೆಸರಿದೆ. ಸಡಿಲಾದರೆ ಹೋಗುವ ಮಾನ ಮಾತ್ರ ಒಂದೇ.

ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್ನಿನವರು 1954ರಲ್ಲಿ ತಮ್ಮ ಲೆಸ್ ಪಾಲ್ ಕಸ್ಟಮ್ ಎಂಬ ಗಿಟಾರಿಗೆ ಕುದುರೆ (ತಂತಿಗಳು ಹಾದುಹೋಗುವ ಆಧಾರ) ಬೇರೆ, ಟೇಲ್‌ಪೀಸ್ ಬೇರೆ ಮಾಡಿದರು. ಅದೇ ನಮೂನೆ ಇಂದಿಗೂ ನಡೆದಿದೆ. ಪಟ್ಟಿಯ ಎರಡು ತುದಿಯ ಕಚ್ಚು ಸ್ಟಡ್ ಎಂಬ ಎರಡು ದಪ್ಪ ತಿರುಪುಗಳಿಗೆ ಸಿಕ್ಕಿಕೊಂಡಿರುತ್ತದೆ. ಸ್ಟಡ್ ಬುಶ್ ಎಂಬ ಲೋಹದ ಕೊಳವೆಯೊಳಗೆ, ಬುಶ್ ಮರದೊಳಗೆ. ಪಟ್ಟಿಯನ್ನು ಹಿಡಿದಿರುವುದು ತಂತಿಯ ಎಳೆತವೊಂದೇ. 10ರ ಸೆಟ್ಟಿನ (ಅತಿ ತೆಳು ತಂತಿ 0.010 ಇಂಚು) ಆರು ತಂತಿ ಸೇರಿ ಸುಮಾರು 45 ಕಿಲೋ, ಹೆಚ್ಚುಕಡಿಮೆ ಒಂದು ಚೀಲ ಉಳ್ಳಾಗಡ್ಡಿ. ಹಳೆಯ ತಂತಿಗಳನ್ನೆಲ್ಲ ಒಮ್ಮೆಗೇ ಬಿಚ್ಚಿದಿರೋ, ಪಟ್ಟಿ ಮೊದಲು ಗಿಟಾರಿನ ಪಾಲಿಶ್ ಮೇಲೆ, ಆಮೇಲೆ ಶಹಾಬಾದಿ ಫರಸಿ ಮೇಲೆ, ಕೊನೆಗೆ ಮಂಚದ ಕೆಳಗೆ. ಅದಕ್ಕೇ ತಂತಿ ಒಂದೊಂದಾಗಿ ಬದಲಿಸಬೇಕು. ಎಲ್ಲ ಬಿಚ್ಚಲೇಬೇಕಾದರೆ ಮೊದಲೊಂದು ಟವೆಲ್ ಹಾಸಿ.

ತಂಬೂರಿಯ ಝೇಂಕಾರಕ್ಕೆ ಜವಾರಿ ಅನ್ನುತ್ತಾರೆ, ಅದಕ್ಕಾಗಿ ಜನ ಮಿರಜಿಗೆ ಹೋಗಿ ದುಡ್ಡು ಕೊಡುತ್ತಾರೆ. ಗಿಟಾರಿನಿಂದ ಬರುವ ‘ಝುಂಯ್’ಗೆ ಆ ಘನತೆ ಇಲ್ಲ. ತಂತಿ ಮೀಟಿ ಟೇಲ್‌ಪೀಸ್ ಮೇಲೆ ಬೆರಳೊತ್ತಿ. ಸದ್ದು ನಿಂತರೆ ಕಳ್ಳ ಅಲ್ಲೇ ಇದ್ದಾನೆ.

ಈಗ ನೋಡಬೇಕಾದದ್ದು, ಅಲ್ಲಾಡುತ್ತಿರುವುದು ಯಾವುದು? ಬುಶ್‌ನೊಳಗೆ ಸ್ಟಡ್ ಒಂಚೂರು ಅಲ್ಲಾಡುವುದು ಸಹಜ. ಸದ್ದು ಮಾಡಿದರೆ ಮಾತ್ರ ನಳ ರಿಪೇರಿಯವರ ಬಿಳಿ ಟೆಫ್ಲಾನ್ ಟೇಪನ್ನು ಸ್ಟಡ್ಡಿನ ಮರೆಗೆ, ಅಂದರೆ ತಿರುಪಿನ ಸುರುಳಿಗೆ, ಎರಡು ಸುತ್ತು, ಸ್ಟಡ್ ಬಿಗಿಯುವಾಗ ಬಿಚ್ಚಿಕೊಳ್ಳದಂತೆ ಸುತ್ತಿ. ಬುಶ್ಶೇ ಮರದಿಂದ ಮೇಲೆದ್ದು, ಅದರ ಅಂಚಿನಡಿ ಸಂದು ಕಂಡರೆ ಕೆಲಸ ದೊಡ್ಡದು. ಜಿಟಿಜಿಟಿ ಮಳೆಗೆ ಹಿಗ್ಗಿ, ಏಪ್ರಿಲ್ ಬಿಸಿಲಿಗೆ ಕುಗ್ಗಿ ಮರ ಹಿಡಿತ ಬಿಟ್ಟಿರುತ್ತದೆ. ಸ್ಟಡ್ಡನ್ನು ನಾಲ್ಕು ಮರೆ ಬಿಗಿದು ಅದನ್ನೇ ಹಿಡಿಕೆ ಮಾಡಿಕೊಂಡು ಮೆಲ್ಲಗೆ ಎಳೆದರೆ ಸಡಿಲ ಬುಶ್ ಬರುತ್ತದೆ. ತೂತಿನ ಒಳಗೋಡೆಗೆ ಮರದ ಅಂಟು ಸವರಿ, ಬುಶ್‌ಗೆ ತೆಳು ಕಾಗದದ ಪಟ್ಟಿ ಸುತ್ತಿ ಕೂರಿಸಿ. ಮದುವೆ ಕಾರ್ಡು ಬೇಡ, ದಪ್ಪವಾಗುತ್ತದೆ. ಹೊಡೆದು ಕೂರಿಸಲು ಹೋದರೆ ಮರ ಸೀಳುತ್ತದೆ. ಪತ್ರಿಕೆಯ ಕಾಗದ ಒಂದೋ ಎರಡೋ ಸುತ್ತು ಸಾಕು. ಹೆಬ್ಬೆರಳಿಗೆ ಅರ್ಧ ಇಳಿಯಬೇಕು, ಉಳಿದರ್ಧಕ್ಕೆ ಮರದ ತುಂಡಿಟ್ಟು ರಬ್ಬರ್ ಸುತ್ತಿಗೆ. ಆಮೇಲೆ 24 ತಾಸು ಮುಟ್ಟಬಾರದು. ಇಡೀ ಕೆಲಸದಲ್ಲಿ ಕಠಿಣವಾದದ್ದು ಇದೇ.

ಗಿಟಾರಿನ ಬೆಲ್ಟ್ ಸಿಕ್ಕಿಸುವ ಗುಂಡಿಯ ಸ್ಕ್ರೂ ಸಡಿಲಾದಾಗ ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ತುರುಕುವ ವಿದ್ಯೆ ಎಲ್ಲರಿಗೂ ಗೊತ್ತು, ಅಲ್ಲಿ ಅದು ಸರಿಯೇ. ಬುಶ್‌ಗೆ ಕಡ್ಡಿ ತುರುಕಿದರೆ ಅದು ಒಂದು ಕಡೆಗೆ ವಾಲಿ ಕೂರುತ್ತದೆ. ಫೆವಿಕ್ವಿಕ್ ಸ್ಟಡ್ಡಿನ ಮರೆಗೆ ಇಳಿಯಿತೋ, ಟೇಲ್‌ಪೀಸಿನ ಎತ್ತರ ಅಂದಿಗೇ ಕಾಯಂ.

ಬುಶ್ ಎಳೆದಾಗ ತೂತಿನಲ್ಲಿ ಒಂದು ಬೋಳು ತಂತಿ ಇಣುಕಿದರೆ ಕಸವೆಂದು ಕೀಳಬೇಡಿ. ಅದು ಅರ್ಥಿಂಗ್. ಎರಡರಲ್ಲಿ ಒಂದು ಬುಶ್‌ಗೆ ಮಾತ್ರ ಇರುತ್ತದೆ. ಕಾಗದ, ಅಂಟು, ಟೇಪು ಎಲ್ಲವೂ ಕರೆಂಟಿಗೆ ಅಡ್ಡಿ, ಆದ್ದರಿಂದ ಬೋಳು ತುದಿ ಲೋಹಕ್ಕೇ ತಾಗಬೇಕು. ಕೊನೆಗೆ ಮಲ್ಟಿಮೀಟರಿನ ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಜ್ಯಾಕಿನ ಹೊರಲೋಹಕ್ಕೆ ಇಟ್ಟು ಬೀಪ್ ಬರುತ್ತದೆಯೇ ನೋಡಿ. ಬರದಿದ್ದರೆ ಆಂಪ್ಲಿಫೈಯರ್ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತದೆ.

ಹೊಸ ಸ್ಟಡ್ ಬೇಕಾದರೆ ಹಳೆಯದನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗಿ. ಅಗ್ಗದ ಗಿಟಾರುಗಳಲ್ಲಿ ಹೆಚ್ಚಾಗಿ 8 ಮಿ.ಮೀ. ಮರೆ, ಅಮೆರಿಕದವುಗಳಲ್ಲಿ 5/16 ಇಂಚು, ಅಂದರೆ 7.94 ಮಿ.ಮೀ. ಕಣ್ಣಿಗೆ ಎರಡೂ ಅವಳಿ ಮಕ್ಕಳು, ಮರೆಯ ಅಂತರ ಮಾತ್ರ ಬೇರೆ. ಹುಬ್ಬಳ್ಳಿಯ ದುರ್ಗದಬೈಲಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಒಂದೇ ಉತ್ತರ: “ಹಾಕ್ರೀ, ಕುಂದರತದ.” ಕುಂದರುವುದೇನೋ ಹೌದು, ಒತ್ತಿ ತಿರುಗಿಸಿದರೆ ಎರಡು ಸುತ್ತು ಇಳಿದು, ಬುಶ್‌ನ ಮರೆ ತಿಂದು, ಅಲ್ಲೇ ಕುಂತುಬಿಡುತ್ತದೆ.