ಒಟಿಪಿ ಕೇಳಿದ ಮಾತ್ರಕ್ಕೆ ವೈಫೈ ಭದ್ರವಲ್ಲ

‘ಮೊಬೈಲ್ ನಂಬರ್, ಒಟಿಪಿ ಕೇಳುವ ವೈಫೈ ಪೂರ್ತಿ ಸೇಫ್’ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಇದು ಸರಿಯಲ್ಲ.

ರೈಲ್ವೆ ಸ್ಟೇಷನ್ ವೈಫೈಗೆ ಸೇರಿದಾಗ ಲಾಗಿನ್ ಪುಟ ತೆರೆದುಕೊಳ್ಳುತ್ತದೆ, ಅಲ್ವಾ? ಅದು ಗೇಟಿನ ಕಾವಲುಗಾರ ಇದ್ದ ಹಾಗೆ. ನೀವು ಯಾರೆಂದು ಬರೆದುಕೊಂಡು ಒಳಗೆ ಬಿಡುತ್ತದೆ, ಅಷ್ಟೇ. ನಿಮ್ಮ ಫೋನ್ ಮತ್ತು ರೂಟರ್ ನಡುವೆ ಗಾಳಿಯಲ್ಲಿ ಓಡಾಡುವ ಡೇಟಾಗೆ ಅದು ಬೀಗ ಹಾಕುವುದಿಲ್ಲ. ಆ ಬೀಗ ಹಾಕುವುದು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಬ ವೈಫೈ ಭದ್ರತಾ ವ್ಯವಸ್ಥೆಯ ಕೆಲಸ. ವೈಫೈ ಹೆಸರಿನ ಪಕ್ಕದಲ್ಲಿ ಬೀಗದ ಗುರುತು ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಓಪನ್ ನೆಟ್‌ವರ್ಕ್.

ಹಾಗಂತ ಗಾಬರಿ ಬೇಡ. ಬ್ಯಾಂಕ್ ಆ್ಯಪ್, ಎಚ್‌ಟಿಟಿಪಿಎಸ್ ಸೈಟುಗಳು (ವಿಳಾಸ https ಎಂದು ಶುರುವಾಗುವಂಥವು) ತಮ್ಮದೇ ಬೀಗ ಹಾಕಿಕೊಂಡಿರುತ್ತವೆ. ನಿಜವಾದ ಅಪಾಯ ಅದೇ ಹೆಸರಿನ ನಕಲಿ ವೈಫೈ. ನಕಲಿ ಲಾಗಿನ್ ಪುಟ ಮಾಡುವುದು ಕಷ್ಟವೇನಲ್ಲ. ಅಲ್ಲಿ ಇಮೇಲ್ ಪಾಸ್‌ವರ್ಡ್ ಅಥವಾ ಯುಪಿಐ ಪಿನ್ ಕೇಳಿದರೆ ಸುಮ್ನೆ ಹೊರಬನ್ನಿ.

ಹೋಟೆಲ್, ಪಿಜಿ ನಡೆಸುವವರಿಗೆ ಒಂದು ಮಾತು. ಲಾಗಿನ್ ಪುಟ ಇದೆ ಎಂದು ರೂಟರಿನಲ್ಲಿ ಸೆಕ್ಯುರಿಟಿಯನ್ನು ‘ಓಪನ್’ ಬಿಡಬೇಕಿಲ್ಲ. ಅನೇಕ ಸಾಧನಗಳಲ್ಲಿ ಲಾಗಿನ್ ಪುಟ, ಡಬ್ಲ್ಯುಪಿಎ ಬೀಗ ಎರಡನ್ನೂ ಜೊತೆಗೇ ಇಡಬಹುದು. ಆದರೆ ಡಬ್ಲ್ಯುಪಿಎ2ರ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದರೆ, ಅದು ಗೊತ್ತಿರುವ ಕಿಲಾಡಿ ಬೇರೆಯವರ ಡೇಟಾ ಬಿಡಿಸಬಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ತೂತನ್ನು ಮುಚ್ಚಿದೆ. ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ, ‘ಕ್ಲೈಂಟ್ ಐಸೊಲೇಷನ್’ ಆನ್ ಮಾಡಿ. ಆಗ ಒಬ್ಬ ಗಿರಾಕಿಯ ಫೋನ್ ಇನ್ನೊಬ್ಬರ ಲ್ಯಾಪ್‌ಟಾಪನ್ನು ನೇರವಾಗಿ ತಲುಪುವುದಿಲ್ಲ.