ಕಾಫಿಗೆ ಬಿದ್ದ ಮಾಡು

ಕಳೆದ ವಾರ ನಮ್ಮ ಕಡೆಯ ಒಂದು ಹಳೆಯ ರೈಲು ನಿಲ್ದಾಣದಲ್ಲಿ, ಹದಿನೈದು ರೂಪಾಯಿ ಕೊಟ್ಟು ಕೊಂಡ ಕಾಫಿಯನ್ನು ನಾನು ತುಟಿಗೆ ಮುಟ್ಟಿಸುವ ಮೊದಲೇ ಅದಕ್ಕೆ ಮಾಡಿನ ಒಂದು ಚೂರು ಬಿದ್ದಿತು. ಚೂರು ಎಂದರೆ ಹೆಚ್ಚಾದೀತು. ಹಳೆಯ ತುಕ್ಕು, ಒಣಗಿದ ಬಣ್ಣ ಮತ್ತು ಪಾರಿವಾಳಗಳ ಏನೋ ಒಂದು ಕಾಣಿಕೆ ಸೇರಿ ಆದ, ಸಾಸಿವೆಗಿಂತ ತುಸು ದೊಡ್ಡದಾದ ವಸ್ತು ಅದು. ನೊರೆಯ ಮೇಲೆ ಒಂದು ಕ್ಷಣ ಕುಳಿತಿದ್ದು, ಮತ್ತೆ ನಿಧಾನವಾಗಿ ಮುಳುಗಿತು. ಯಾವ ನಿಲ್ದಾಣವೆಂದು ಹೇಳುವುದಿಲ್ಲ. ನಾನು ಇನ್ನೂ ಅಲ್ಲಿಂದಲೇ ರೈಲು ಹತ್ತಬೇಕಾದವನು.

ತಲೆಯೆತ್ತಿ ನೋಡಿದರೆ, ಮಾಡಿನ ಕಬ್ಬಿಣದ ತೊಲೆಗಳಿಂದ ಸರಪಳಿ ಇಳಿಬಿಟ್ಟು, ಅದಕ್ಕೆ ಕೊಳವೆಗಳನ್ನು ಬಿಗಿದು, ಹಲಗೆ ಹಾಸಿ, ಅಡಿಗೊಂದು ಹಸಿರು ಬಲೆ ಕಟ್ಟಿ, ಒಂದು ಇಡೀ ನೆಲವನ್ನೇ ಆಕಾಶದಲ್ಲಿ ತೂಗುಹಾಕಿದ್ದರು. ಹಲಗೆಗಳ ಸಂದಿಯಲ್ಲಿ ಎರಡು ಬೂಟುಗಳ ಅಡಿಭಾಗ ಅತ್ತಿಂದಿತ್ತ ಸರಿದಾಡುತ್ತಿತ್ತು. ಭೂಮಿಗೆ ಒಂದು ಕಾಲನ್ನೂ ಊರದ ಆ ಸಾರುವೆಯ ಕೆಳಗೆ ಮೀನಿನ ಥರ್ಮೋಕೋಲ್ ಪೆಟ್ಟಿಗೆಗಳು, ಕೊಲ್ಲೂರಿಗೆ ಹೊರಟ ಯಾತ್ರಿಕರು, ಚಕ್ರದ ಚೀಲ ಎಳೆಯುವ ವಿದ್ಯಾರ್ಥಿಗಳು, ಎಲ್ಲರೂ ಎಂದಿನಂತೆ ಹಾದುಹೋಗುತ್ತಿದ್ದರು. ಮೇಲೆ ನೋಡಿದವನು ನಾನೊಬ್ಬನೇ. ಕಂಬಕ್ಕೆ ತೂಗಿದ್ದ ಫಲಕವೊಂದು ಮೂರು ಭಾಷೆಗಳಲ್ಲಿ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎನ್ನುತ್ತಿತ್ತು. ವಿಷಾದಿಸುತ್ತಿರುವವರನ್ನು ಹುಡುಕಿದೆ, ಯಾರೂ ಸಿಗಲಿಲ್ಲ. ಕಾಫಿಯವನಿಗೆ ಲೋಟ ತೋರಿಸಿದರೆ ಅವನು, “ಬಲೆ ಇದೆಯಲ್ಲ ಸಾರ್” ಎಂದ. ಬಲೆ ಇರುವುದು ಸುತ್ತಿಗೆ, ಬೋಲ್ಟುಗಳನ್ನು ಹಿಡಿಯುವುದಕ್ಕೆಂದು ಅವನಿಗೆ ವಿವರಿಸುವ ಉತ್ಸಾಹ ನನಗಿತ್ತು, ಕೇಳುವ ಪುರುಸೊತ್ತು ಅವನಿಗಿರಲಿಲ್ಲ.

ರೈಲು ನಿಲ್ದಾಣಗಳಿಗೆ ಮಾಡು ಕಟ್ಟಿದವರು ಒಂದು ಲೆಕ್ಕದಲ್ಲಿ ಸುಖಿಗಳು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ ವಿಲಿಯಂ ಬಾರ್ಲೋ ಎಂಬ ಎಂಜಿನಿಯರ ಯೋಜನೆಯಂತೆ, ನಡುವೆ ಒಂದೂ ಕಂಬವಿಲ್ಲದ 240 ಅಡಿ ಅಗಲದ ಕಮಾನುಮಾಡನ್ನು ಎಬ್ಬಿಸಿದಾಗ, ಮರದ ದೊಡ್ಡ ಸಾರುವೆಯನ್ನು ಮುಂದಕ್ಕೆ ಸರಿಸುವಂತೆ ಮಾಡಿಕೊಂಡು, ಒಂದು ಕಮಾನು ಮುಗಿದಂತೆ ಮುಂದಿನದರ ಕೆಳಗೆ ತಳ್ಳಿಕೊಂಡು ಹೋದರು. ನಿಲ್ದಾಣ 1868ರಲ್ಲಿ ತೆರೆದುಕೊಂಡಿತು. ಅಲ್ಲಿಯವರೆಗೆ ಕೆಳಗೆ ಕಾಫಿ ಲೋಟ ಹಿಡಿದು ನಿಂತವರು ಯಾರೂ ಇರಲಿಲ್ಲ. ದುರಸ್ತಿಯವನ ಹಣೆಬರಹ ಬೇರೆ. ಅವನ ಕಾಲ ಕೆಳಗೆ ಜನ ನಡೆಯುತ್ತಿರಬೇಕು, ರೈಲು ಓಡುತ್ತಿರಬೇಕು. ಹಳಿಯ ನೆತ್ತಿಗೆ ಹೋಗಬೇಕಾದರಂತೂ 25,000 ವೋಲ್ಟಿನ ತಂತಿಯ ವಿದ್ಯುತ್ತು ನಿಲ್ಲಿಸಿ ಕೊಡುವ ಹೊತ್ತಿಗಾಗಿ ಕಾಯಬೇಕು. ಇಷ್ಟಾಗಿ, ಯಾವ ಹಳೆಯ ತೊಲೆಗಳನ್ನು ರಿಪೇರಿ ಮಾಡಬೇಕೋ ಅವುಗಳಿಗೇ ಜೋತುಬೀಳಬೇಕು.

ಜೋತುಬಿದ್ದು ಕೆಲಸ ಮಾಡುವವರನ್ನು ನಾನು ಮೊದಲ ಬಾರಿ ಕಂಡದ್ದು ಗುರುಪುರ ಹೊಳೆಯಾಚೆಯ ನಮ್ಮ ಹಳೆಯ ಮನೆಯ ಚಾವಡಿಯಲ್ಲಿ. ಪತ್ತನಾಜೆಯ, ಅಂದರೆ ತುಳು ತಿಂಗಳು ಬೇಶದ ಹತ್ತನೆಯ ದಿನದ, ಒಳಗೆ ಹಂಚು ಕೈಯಾಡಿಸಿ ಮುಗಿಯಬೇಕೆಂಬುದು ಮನೆಯ ನಿಯಮ. ಆ ವರ್ಷ ಮಾತ್ರ ಒಂದು ತೊಡಕು ಎದುರಾಯಿತು. ಹಿಂದಿನ ಮಳೆಗಾಲದ ಆಟಿ ತಿಂಗಳಲ್ಲಿ ತೋಡಿನ ಸಂಕದಿಂದ ಜಾರಿ ಸೊಂಟ ಮುರಿದುಕೊಂಡಿದ್ದ ಅಜ್ಜ ಚಾವಡಿಯ ಮಂಚದ ಮೇಲೆ ಮಲಗಿದ್ದರು; ಮಂಚವನ್ನು ಅಲುಗಿಸಲು ಒಪ್ಪುತ್ತಿರಲಿಲ್ಲ. ಅವರ ಸುತ್ತ ಏಣಿ ಊರಲು ಜಾಗವಿರಲಿಲ್ಲ. ಹಂಚಿನ ಕೆಲಸದವರು ಅರ್ಧ ಗಂಟೆ ಎಲೆಯಡಿಕೆ ಹಾಕಿ ಯೋಚಿಸಿ, ಹಟ್ಟಿಯ ಹಳೆಯ ಬಾಗಿಲನ್ನು ಕಿತ್ತು ತಂದು, ಬಾವಿಯ ಹಗ್ಗ ಬಿಚ್ಚಿ, ಅಡ್ಡತೊಲೆಗೆ ಬಿಗಿದು, ಅಜ್ಜನ ಎದೆಯ ನೇರಕ್ಕೆ ಉಯ್ಯಾಲೆಯಂಥದೊಂದನ್ನು ತೂಗಿಬಿಟ್ಟರು. ಕೆಳಗೆ ಮನೆಯ ವ್ಯವಹಾರಕ್ಕೆ ಏನೂ ತೊಂದರೆಯಾಗಲಿಲ್ಲ, ಮೂರು ದಿನ ನೀರು ಸೇದಲು ಹಗ್ಗವಿರಲಿಲ್ಲ ಎಂಬುದೊಂದನ್ನು ಬಿಟ್ಟರೆ. ಅಜ್ಜಿ ನೆರೆಮನೆಯಿಂದ ಕೊಡ ಹೊತ್ತು ತರುವಾಗಲೆಲ್ಲ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಜ್ಜನಿಗಾದರೋ ಜೀವಮಾನದ ಹಬ್ಬ. ಉಳಿದ ಮಳೆಗಾಲವೆಲ್ಲ ಅಂಗಾತ ಮಲಗಿ ನೋಡಿದ್ದರಿಂದ ಪಕ್ಕಾಸು, ರೀಪು, ಸೋರುವ ಜಾಗಗಳು ಅವರಿಗೆ ಬಾಯಿಪಾಠವಾಗಿದ್ದವು. “ಕೋಡಿನಿಂದ ಕೆಳಗೆ ಆರನೆಯ ಸಾಲು, ಎಡದಿಂದ ಒಂಬತ್ತನೆಯದು, ಮೂಲೆ ಒಡೆದಿದೆ” ಎಂದು ಅವರು ಕೆಳಗಿನಿಂದ ಹೇಳಿದರೆ, ಮೇಲಿನಿಂದ “ದಾಲಾ ಆಪುಜಿ” ಎಂಬ ಉತ್ತರ ಬರುತ್ತಿತ್ತು: ಏನೂ ಆಗುವುದಿಲ್ಲ. ಹಂಚುಗಳ ಒಳಮೈಯಲ್ಲಿ ಬಾಸೆಲ್ ಮಿಷನ್ ಹೆಸರಿನೊಂದಿಗೆ 1865 ಎಂದು ಉಬ್ಬಕ್ಷರದಲ್ಲಿತ್ತು. ಅದು ಪ್ಲೆಬ್‌ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಅಜ್ಜ ಮಾತ್ರ ಅದನ್ನು ನಮ್ಮ ಮನೆ ಕಟ್ಟಿದ ವರ್ಷವೆಂದೇ ನಂಬಿ, ಮಂಗಳೂರಿಗೆ ರೈಲು ಬರುವುದಕ್ಕಿಂತ ನಲವತ್ತೆರಡು ವರ್ಷ ಮೊದಲೇ ನಮ್ಮ ಮಾಡು ಇತ್ತೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕಾರ್ಖಾನೆ ಎಷ್ಟೋ ವರ್ಷಗಳ ಹಂಚುಗಳಿಗೆ ಅದೇ ಇಸವಿ ಒತ್ತುತ್ತಿತ್ತೆಂದು ಕೆಲಸದವರು ಮೇಲಿನಿಂದಲೇ ತಿದ್ದಿದ ಕ್ಷಣದಿಂದ ಇಬ್ಬರಿಗೂ ಮಾತು ನಿಂತಿತು.

ಮೂರನೆಯ ದಿನ ಮಧ್ಯಾಹ್ನ ಅವರು ಸರಿಯಾಗಿ ಅಜ್ಜನ ಮುಖದ ನೇರಕ್ಕೆ ನಾಲ್ಕು ಹಂಚು ತೆಗೆದಿಟ್ಟು ಊಟಕ್ಕೆ ಹೋದರು. ಬೇಶದ ಬಿಸಿಲು ಚೌಕವಾಗಿ ಬಂದು ಅಜ್ಜನ ಮೂಗಿನ ಮೇಲೆ ಕುಳಿತಿತು. ಬೇಕೆಂದೇ ಮಾಡಿದ್ದೆಂದು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು, ನನಗೂ ಹಾಗೆಯೇ ತೋರುತ್ತದೆ. ಒಂದು ಗಂಟೆ ಕಾಲ ನಾನು ಚಾವಡಿಯ ಒಳಗೆ ಅವರಿಗೆ ಕೊಡೆ ಹಿಡಿದು ನಿಂತೆ. ಮುಂದೆ ಮೊದಲ ಮಳೆ ಬಂದಾಗ, ಆರನೆಯ ಸಾಲಿನ ಒಂಬತ್ತನೆಯ ಹಂಚಿನಿಂದ ಒಂದು ಹನಿ ಅಜ್ಜನ ಎಲೆಯಡಿಕೆಯ ತಬಕಿಗೆ ಟಪ್ಪೆಂದು ಬಿದ್ದಿತು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಮತ್ತೆಂದೂ ಕಾಣಲಿಲ್ಲ.

ಇದನ್ನೆಲ್ಲ ಹೇಳಿದ್ದು ತೂಗುಸಾರುವೆಯ ಕುರಿತು ಒಂದು ಗಂಭೀರವಾದ ಮಾತಿಗೆ ಬರುವುದಕ್ಕಾಗಿ. ಹಳೆಮನೆಗೆ ಹೋಗಿ ಬರುವಷ್ಟರಲ್ಲಿ ಆ ಮಾತು ಕೈತಪ್ಪಿತು. ನಿಲ್ದಾಣದಲ್ಲಿ ನಾನು ಲೋಟವನ್ನು ಕಸದ ಡಬ್ಬಿಗೆ ಹಾಕಿ, ಬಲೆಯ ಅಂಚು ದಾಟಿ ನಾಲ್ಕು ಹೆಜ್ಜೆ ಈಚೆಗೆ ಬಂದು ನಿಂತೆ. ನಾನು ಬಿಟ್ಟ ಜಾಗಕ್ಕೆ ಯುವಕನೊಬ್ಬ ಬಂದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಹಬೆಯಾಡುವ ಲೋಟದ ಮುಚ್ಚಳ ತೆಗೆದು ಆರಲೆಂದು ಹಿಡಿದುಕೊಂಡ. ಅವನ ನೆತ್ತಿಯ ಮೇಲೆ ಆ ಎರಡು ಬೂಟುಗಳು ಮೆಲ್ಲನೆ ಹತ್ತಿರ ಬರುತ್ತಿದ್ದವು. ಹೇಳಬಹುದಿತ್ತು. ನನಗೆ ಯಾರೂ ಹೇಳಿರಲಿಲ್ಲ. ಮೇಲಾಗಿ ನನ್ನ ರೈಲೂ ಬರುತ್ತಿತ್ತು. ಬೋಗಿ ಹತ್ತಿ, ಕಿಟಕಿಯ ಬದಿಯ ಸೀಟು ಹಿಡಿದು, ಕುತೂಹಲದಿಂದ ಹೊರಗೆ ನೋಡುತ್ತ ಕುಳಿತೆ.