ಕೆಲಸ ಮಾಡಿದರೆ ಔಷಧಿ, ಮಾಡದಿದ್ದರೆ ಕ್ರೀಂ

ಮುಖಕ್ಕೆ ಹಚ್ಚುವ ಸಾಮಾನುಗಳ ಲೋಕದಲ್ಲಿ ಈಗ ಪೆಪ್ಟೈಡ್ ಕಾಲ, ಅಂದರೆ ಪ್ರೋಟೀನಿನ ಚಿಕ್ಕ ತುಂಡುಗಳ ಕಾಲ. ಹಿಂದೆ ವಿಟಮಿನ್ ಇತ್ತು. ಆಮೇಲೆ ಕೊಲಾಜೆನ್ ಬಂತು. ನಡುವೆ ಚಿನ್ನದ ರೇಕೂ ಬಸವನಹುಳದ ಲೋಳೆಯೂ ಬಂದು ಹೋದವು. ಈಗ ಸೀರಂನಲ್ಲಿ ಪೆಪ್ಟೈಡ್, ಕ್ರೀಂನಲ್ಲಿ ಪೆಪ್ಟೈಡ್, ಲಿಪ್ ಬಾಮ್‌ನಲ್ಲಿ ಪೆಪ್ಟೈಡ್. ಫೇಸ್ ವಾಶ್‌ನಲ್ಲೂ ಪೆಪ್ಟೈಡ್. ಹಚ್ಚಿದ ಅರ್ಧ ನಿಮಿಷಕ್ಕೆ ನೀರಿನ ಜೊತೆ ಚರಂಡಿ ಸೇರುವ ವಸ್ತುವಿನಲ್ಲಿ ಅದು ಯಾಕೆ ಅಂತ ಕೇಳಬೇಡಿ. ಚರಂಡಿಗೂ ವಯಸ್ಸಾಗುತ್ತಲ್ವಾ.

ನನಗೆ ಈ ಪೆಪ್ಟೈಡ್ ಹಾಕಿದ ಸುಕ್ಕಿನ ಕ್ರೀಂ ಮೇಲೆ ನಿಜವಾಗಿಯೂ ಗೌರವ ಇದೆ. ಅದರ ಪಾಡು ಯಾರಿಗೂ ಬೇಡ. ಕೊಳ್ಳುವವರ ಎದುರು ನಿಂತು "ನಾನು ಭಾರೀ ಕೆಲಸ ಮಾಡುತ್ತೇನೆ" ಅನ್ನಬೇಕು. ಕಾನೂನಿನ ಎದುರು ನಿಂತು "ಅಯ್ಯೋ, ನಾನೇನೂ ಮಾಡಲ್ಲ ಸ್ವಾಮಿ" ಅನ್ನಬೇಕು. ಎರಡೂ ಮಾತು ಒಂದೇ ಡಬ್ಬಿಯ ಮೇಲೆ ಇರಬೇಕು. ಮುಂದಿನದು ದೊಡ್ಡ ಅಕ್ಷರದಲ್ಲಿ, ಹಿಂದಿನದು ಭೂತಗನ್ನಡಿಗೆ.

ಇದು ಕ್ರೀಂನ ತಪ್ಪಲ್ಲ. ಅಮೆರಿಕದಲ್ಲಿ 1938ರಿಂದ ಒಂದು ಕಾಯ್ದೆ ಇದೆ. ಶುಚಿ ಮಾಡುವುದು, ಅಂದ ಹೆಚ್ಚಿಸುವುದು, ನೋಟ ಬದಲಿಸುವುದು ಇವೆಲ್ಲ ಕಾಸ್ಮೆಟಿಕ್. ದೇಹದ ರಚನೆಯನ್ನೋ ಅದು ನಡೆಯುವ ರೀತಿಯನ್ನೋ ಬದಲಿಸಲು ಹೊರಟರೆ ಅದು ಔಷಧಿ. ಔಷಧಿ ಅಂದ ಕೂಡಲೇ ಪರೀಕ್ಷೆ, ಪುರಾವೆ, ಮೊದಲೇ ಒಪ್ಪಿಗೆ, ವರ್ಷಗಟ್ಟಲೆ ಕಾಯುವುದು, ನೀರಿನಂತೆ ದುಡ್ಡು. ಕಾಸ್ಮೆಟಿಕ್‌ಗೆ ಇದ್ಯಾವ ತಲೆನೋವೂ ಇಲ್ಲ, ಮಾರುವ ಮೊದಲು ಯಾರಿಗೂ ಏನನ್ನೂ ಸಾಬೀತು ಮಾಡಿ ತೋರಿಸಬೇಕಿಲ್ಲ. ಬೇರೆ ದೇಶಗಳ ಕಾನೂನುಗಳೂ ಹೆಚ್ಚುಕಡಿಮೆ ಇದೇ ಗೆರೆ ಎಳೆಯುತ್ತವೆ. ಅಂದರೆ ಸುಕ್ಕಿನ ಕ್ರೀಂಗೆ ಇರುವ ದೊಡ್ಡ ಅಪಾಯ ಅದು ಕೆಲಸ ಮಾಡದೇ ಹೋಗುವುದಲ್ಲ. ಕೆಲಸ ಮಾಡುತ್ತೇನೆ ಅಂತ ಬಾಯಿಬಿಟ್ಟು ಸಿಕ್ಕಿಬೀಳುವುದು.

ಅಂಥ ಕಂಪನಿಯೊಂದರಲ್ಲಿ ಡಬ್ಬಿಯ ಮೇಲೆ ಏನು ಬರೆಯಬೇಕು ಅಂತ ಮೀಟಿಂಗ್ ನಡೆಯುತ್ತಿದೆ ಅಂದುಕೊಳ್ಳಿ. ಮಾರ್ಕೆಟಿಂಗ್ ಹುಡುಗ ಒಂದು ಕಡೆ, ಲಾಯರ್ ಮೇಡಂ ಇನ್ನೊಂದು ಕಡೆ.

"ಸುಕ್ಕು ಮಾಯ ಅಂತ ಹಾಕೋಣ ಮೇಡಂ."

"ಮಾಯ ಆಗುತ್ತಾ?"

"ಇಲ್ಲ."

"ಮಾಯ ಆದರೆ ಇನ್ನೂ ತೊಂದರೆ. ಔಷಧಿ ಆಗಿಬಿಡುತ್ತೆ. ತೆಗೀರಿ."

"ಕೊಲಾಜೆನ್ ಹೆಚ್ಚಿಸುತ್ತದೆ ಅಂದರೆ?"

"ಎಲ್ಲಿ?"

"ಚರ್ಮದ ಒಳಗೆ."

"ಒಳಗೆ ಹೋಗಲೇಬೇಡಿ. ನಾವು ಹೊರಗೇ ಇರುವವರು."

"ಸರಿ. ಸುಕ್ಕು ಕಡಿಮೆ ಮಾಡುತ್ತದೆ?"

"ಕಡಿಮೆಯಾದಂತೆ ಕಾಣುತ್ತದೆ."

"ಕಡಿಮೆಯಾದಂತೆ ಕಾಣಲು ನೆರವಾಗುತ್ತದೆ?"

"ಪರವಾಗಿಲ್ಲ. ನೆರವಾಗಬಹುದು ಅಂದರೆ ನಾನು ರಾತ್ರಿ ನೆಮ್ಮದಿಯಾಗಿ ಮಲಗುತ್ತೇನೆ."

"ಸುಕ್ಕು ಅನ್ನೋದರ ಬದಲು ಸಣ್ಣ ಗೆರೆ ಅಂತ ಬರೀಲಾ ಮೇಡಂ?"

"ನೋಡಿ, ಈಗ ಕೆಲಸ ಕಲಿತಿರಿ."

ಹುಡುಗನಿಗೆ ಆ ವರ್ಷ ಬಡ್ತಿ ಸಿಕ್ಕಿರಬೇಕು.

ಪೆಪ್ಟೈಡ್ ಅನ್ನೋದು ಸುಳ್ಳು ವಸ್ತುವೇನಲ್ಲ. ಅಮೈನೋ ಆಮ್ಲಗಳ ಸರಪಳಿ, ಅಷ್ಟೇ. ಚಿಕ್ಕದಿದ್ದರೆ ಪೆಪ್ಟೈಡ್, ತುಂಬ ಉದ್ದವಾದರೆ ಪ್ರೋಟೀನ್. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅಂಥ ಪ್ರೋಟೀನ್. ಅದರ ಒಂದೊಂದು ಎಳೆಯಲ್ಲಿ ಸುಮಾರು 1000 ಅಮೈನೋ ಆಮ್ಲಗಳಿವೆ, ಮೂರು ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ವಯಸ್ಸಾದಂತೆ ಅದರ ತಯಾರಿ ಇಳಿಯುತ್ತದೆ, ಬಿಸಿಲು ಇದ್ದದ್ದನ್ನೂ ತುಂಡರಿಸುತ್ತದೆ. ಸುಕ್ಕು ಬೀಳುತ್ತದೆ.

ಪೆಪ್ಟೈಡ್‌ನವರ ತರ್ಕ ಚೆನ್ನಾಗಿಯೇ ಇದೆ. ಕೊಲಾಜೆನ್ನಿನ ಚೂರು ಕಂಡರೆ ಜೀವಕೋಶ "ಓಹೋ, ಎಲ್ಲೋ ಏನೋ ಮುರಿದಿದೆ" ಅಂದುಕೊಂಡು ಹೊಸದನ್ನು ಕಟ್ಟಲು ಕೂರುತ್ತದಂತೆ. ಅಂದರೆ ಚೂರು ತೋರಿಸಿ ಅದನ್ನು ಏಮಾರಿಸುವುದು. 1993ರಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಹೀಗೆ ಏಮಾರಿದ್ದೂ ಹೌದು. ಐದೇ ಅಮೈನೋ ಆಮ್ಲದ ಒಂದು ತುಂಡು ಹಾಕಿದಾಗ ಅಲ್ಲಿದ್ದ ಜೀವಕೋಶಗಳು ಜಾಸ್ತಿ ಕೊಲಾಜೆನ್ ಮಾಡಿದವು. ಆ ತುಂಡಿಗೆ ಕೊಬ್ಬಿನ ಬಾಲ ಅಂಟಿಸಿ, 2000ದ ಹೊತ್ತಿಗೆ ಮ್ಯಾಟ್ರಿಕ್ಸಿಲ್ ಅಂತ ಹೆಸರಿಟ್ಟು ಕ್ರೀಂ ಕಂಪನಿಗಳಿಗೆ ಮಾರಲು ಶುರು ಮಾಡಿದರು. ತಾಮ್ರದ ಪೆಪ್ಟೈಡ್ ಇನ್ನೂ ಹಳಬ, ಅದನ್ನು 1973ರಲ್ಲಿ ಲೊರೆನ್ ಪಿಕಾರ್ಟ್ ಮನುಷ್ಯರ ರಕ್ತದಲ್ಲಿ ಗುರುತಿಸಿದರು. ಅದು ನೀಲಿ ಬಣ್ಣ. ಮಾರಾಟಕ್ಕೆ ಅದಕ್ಕಿಂತ ಒಳ್ಳೆಯ ಗುಣ ಬೇಕಾ? ಬಣ್ಣ ಇದ್ದದ್ದು ಏನೋ ಮಾಡುತ್ತದೆ ಅಂತ ನಮಗೆ ಹುಟ್ಟಿನಿಂದ ನಂಬಿಕೆ.

ಒಂದೇ ಒಂದು ತೊಡಕು. ತಟ್ಟೆಯಲ್ಲಿರುವ ಜೀವಕೋಶದ ಮೇಲೆ ಚರ್ಮ ಇರಲ್ಲ.

ನಮ್ಮ ಚರ್ಮದ ತೀರ ಹೊರಗಿನ ಪದರ ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ತೆಳು. ಸತ್ತ ಜೀವಕೋಶಗಳದ್ದು. ಸತ್ತರೂ ಡ್ಯೂಟಿ ಬಿಟ್ಟಿಲ್ಲ. ಹೊರಗಿನದು ಒಳಗೆ ಬರಬಾರದು, ಒಳಗಿನ ನೀರು ಹೊರಗೆ ಹೋಗಬಾರದು, ಇಷ್ಟೇ ಅದರ ಕೆಲಸ. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ಒಂದು ಲೆಕ್ಕ ಹೇಳಿದರು. ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಈ ಪದರ ದಾಟುವುದು ಕಷ್ಟ. ಮ್ಯಾಟ್ರಿಕ್ಸಿಲ್‌ನ ಪೆಪ್ಟೈಡ್ ಸುಮಾರು 800. ಸ್ನಾಯು ಸಡಿಲಿಸಿ ಸುಕ್ಕು ಇಳಿಸುವ ಚುಚ್ಚುಮದ್ದು ಬೋಟಾಕ್ಸ್‌ನ ತಮ್ಮ ಅಂತ ಮಾರುವ ಪೆಪ್ಟೈಡ್ ಆರ್ಜಿರಲಿನ್ 900ರ ಹತ್ತಿರ. ಮ್ಯಾಟ್ರಿಕ್ಸಿಲ್‌ಗೆ ಬಾಲ ಅಂಟಿಸಿದ್ದು ಎಣ್ಣೆಯಂಥ ಪದರದಲ್ಲಿ ಜಾರಿಕೊಂಡು ಹೋಗಲಿ ಅಂತ. ಸ್ವಲ್ಪ ಅನುಕೂಲವೂ ಆಗಿರಬಹುದು. ಆದರೆ ಬಾಲ ಇಲ್ಲದಾಗ ಅದರ ತೂಕ 560ರ ಆಸುಪಾಸು ಇತ್ತು. ಬಾಗಿಲು ಚಿಕ್ಕದು ಅಂತ ಗೊತ್ತಿದ್ದೂ ಹೆಗಲಿಗೆ ಇನ್ನೊಂದು ಬ್ಯಾಗ್ ಏರಿಸಿದ ಹಾಗಾಯಿತು.

ಒಳಗೆ ಹೋಗುವುದು ಅಷ್ಟು ಸಲೀಸಾಗಿದ್ದರೆ ಇನ್ಸುಲಿನ್ ಕಥೆ ಬೇರೆಯೇ ಆಗಿರುತ್ತಿತ್ತು. ಅದೂ ಪೆಪ್ಟೈಡ್ ಜಾತಿಯದೇ, 51 ಅಮೈನೋ ಆಮ್ಲದ್ದು. 1922ರಲ್ಲಿ ಮೊದಲ ರೋಗಿಗೆ ಕೊಟ್ಟಾಗ ಸೂಜಿ ಚುಚ್ಚಿದರು. ಇವತ್ತಿಗೂ ಕೋಟಿಗಟ್ಟಲೆ ಜನ ಚುಚ್ಚಿಕೊಳ್ಳುತ್ತಿದ್ದಾರೆ. ನೂರು ವರ್ಷ ಆದರೂ ಯಾವ ವಿಜ್ಞಾನಿಗೂ "ವರ್ತುಲಾಕಾರದಲ್ಲಿ ಮೃದುವಾಗಿ ಮಸಾಜ್ ಮಾಡಿ" ಅನ್ನುವ ಉಪಾಯ ಹೊಳೆಯಲಿಲ್ಲ ನೋಡಿ. ಬ್ಯೂಟಿ ಕೌಂಟರಿನಲ್ಲಿ ಕೇಳಬೇಕಿತ್ತು.

ಹಾವಿನದ್ದು ಇನ್ನೂ ಮಜಾ. ಏಷ್ಯಾದ ಕಾಡುಗಳಲ್ಲಿರುವ ಟೆಂಪಲ್ ವೈಪರ್ ಹಾವಿನ ವಿಷದಲ್ಲಿ ಸ್ನಾಯುಗಳನ್ನು ಸಡಿಲ ಬಿಡಿಸುವ ಒಂದು ಪೆಪ್ಟೈಡ್ ಇದೆ. ಅದನ್ನು ಅನುಕರಿಸುವ ಚಿಕ್ಕ ಅಣುವನ್ನು ಕೃತಕವಾಗಿ ಮಾಡಿ ಸಿನ್-ಏಕ್ ಅಂತ ಹೆಸರಿಟ್ಟಿದ್ದಾರೆ. ಅದರಲ್ಲಿ ಹಾವೂ ಇಲ್ಲ, ವಿಷವೂ ಇಲ್ಲ. ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ ಹಾವು ಹೆಡೆಯೆತ್ತಿರುತ್ತದೆ, ಈ ಜಾತಿಗೆ ಹೆಡೆಯೇ ಇಲ್ಲದಿದ್ದರೂ. ನನ್ನ ಪ್ರಶ್ನೆ ಚಿಕ್ಕದು. ಸವರಿದರೆ ಸಾಕಾಗುವ ಹಾಗಿದ್ದರೆ ಹಾವಿಗೆ ಹಲ್ಲು ಯಾಕೆ ಬೇಕಿತ್ತು? ಇಲಿಯನ್ನು ಹಿಡಿದು ಸುಮ್ನೆ ನೆಕ್ಕಿ ಬಿಡುತ್ತಿತ್ತು.

ಆರ್ಜಿರಲಿನ್‌ನದೂ ಇದೇ ದಾರಿ. 2002ರಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಹುಬ್ಬಿನ ನಡುವಿನ ಗೆರೆಗೆ ಬೋಟಾಕ್ಸ್ ಚುಚ್ಚಲು ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಆರ್ಜಿರಲಿನ್ ಸುಕ್ಕಿನ ಆಳ ಇಳಿಸುತ್ತದೆ ಅನ್ನುವ ಪುಟ್ಟ ಅಧ್ಯಯನವೂ ಪ್ರಕಟವಾಯಿತು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ ಅನ್ನೋದು ಅದರ ಭರವಸೆ. ಸ್ನಾಯು ಇರುವುದು ಚರ್ಮ, ಕೊಬ್ಬು ಎಲ್ಲದರ ಕೆಳಗೆ. ಅಷ್ಟು ಆಳಕ್ಕೆ ಇಳಿದು ನಿಜವಾಗಿ ತಡೆಯುವಂತಿದ್ದರೆ, ಕಣ್ಣಿನ ಸುತ್ತ ಧಾರಾಳವಾಗಿ ಹಚ್ಚಿಕೊಂಡವರ ರೆಪ್ಪೆ ಬೆಳಿಗ್ಗೆಗೆ ಜೋತು ಬಿದ್ದಿರಬೇಕಿತ್ತು. ಬಿದ್ದಿಲ್ಲ. ಇದನ್ನೇ ಅವರು "ಸಂಪೂರ್ಣ ಸುರಕ್ಷಿತ" ಅನ್ನುತ್ತಾರೆ.

ಇನ್ನು ಸೀಸೆಯನ್ನು ತಿರುಗಿಸಿ ಹಿಂಬದಿ ನೋಡೋಣ. ಮುಂದೆ ಪೆಪ್ಟೈಡ್ ಅಂತ ಬಂಗಾರದ ಅಕ್ಷರ. ಹಿಂದೆ ಪದಾರ್ಥಗಳ ಪಟ್ಟಿ. ಮೊದಲು ನೀರು, ಆಮೇಲೆ ಗ್ಲಿಸರಿನ್, ಆಮೇಲೆ ಎಣ್ಣೆಗಳು, ಮಂದ ಮಾಡುವ ಅಂಟು, ಕೆಡದಂತೆ ಕಾಯುವ ಫೀನಾಕ್ಸಿಎಥನಾಲ್. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಅನ್ನೋದು ನಿಯಮ. 1%ಗಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಸಾಲು ಹಚ್ಚಬಹುದು. ಯುರೋಪಿನ ನಿಯಮದಂತೆ ಫೀನಾಕ್ಸಿಎಥನಾಲ್ 1% ಮೀರುವಂತಿಲ್ಲ. ಅದರ ನಂತರ ನಿಂತವರೆಲ್ಲ 1% ದಾಟದ ಬಡವರು ಅಂತ ಲೆಕ್ಕ. ನಮ್ಮ ಪೆಪ್ಟೈಡ್ ಎಷ್ಟೋ ಸಲ ಅಲ್ಲೇ ಕೊನೆಯ ಬೆಂಚಿನಲ್ಲಿ ಕೂತಿರುತ್ತದೆ.

"ಇಲ್ಲ ಇಲ್ಲ, ನಮ್ಮದರಲ್ಲಿ 10% ಇದೆ" ಅನ್ನುವವರೂ ಇದ್ದಾರೆ. ಇದೆ. ಆದರೆ ಅದು ಪೆಪ್ಟೈಡ್ ಕರಗಿಸಿಟ್ಟ ದ್ರಾವಣದ 10%. ಆ ದ್ರಾವಣದ ಬಹುಪಾಲು ಮತ್ತೆ ನೀರು, ಗ್ಲಿಸರಿನ್. ಪಟ್ಟಿಯಲ್ಲಿ ಪೆಪ್ಟೈಡ್ ಹೆಸರಿನ ಕೊನೆಗಿರುವ ಅಂಕೆಗೂ ಬಲಕ್ಕೂ ಸಂಬಂಧ ಇಲ್ಲ. ಆರ್ಜಿರಲಿನ್‌ನ ಹೆಸರು ಪಟ್ಟಿಯಲ್ಲಿ ಹೆಕ್ಸಾಪೆಪ್ಟೈಡ್-3 ಅಂತಿದ್ದದ್ದು ಆಮೇಲೆ ಹೆಕ್ಸಾಪೆಪ್ಟೈಡ್-8 ಆಯಿತು. ಒಳಗಿನ ಸರಕು ಅದೇ. ಹಾಗೆ ನೋಡಿದರೆ ಈ ಸೀಸೆಯಿಂದ ಖಚಿತವಾಗಿ ಹೊಸದಾದದ್ದು ಹೆಸರು ಒಂದೇ.

ಅಧ್ಯಯನ ಇಲ್ಲ ಅಂತ ಹೇಳಿದರೆ ಅನ್ಯಾಯ. 2005ರಲ್ಲಿ ಒಂದು ಚೆನ್ನಾಗಿಯೇ ಮಾಡಿದ ಅಧ್ಯಯನ ಬಂತು. 93 ಮಹಿಳೆಯರು, 12 ವಾರ. ಮುಖದ ಒಂದು ಪಕ್ಕಕ್ಕೆ ಮ್ಯಾಟ್ರಿಕ್ಸಿಲ್‌ನ ಪೆಪ್ಟೈಡ್ ಇದ್ದ ಕ್ರೀಂ, ಇನ್ನೊಂದು ಪಕ್ಕಕ್ಕೆ ಪೆಪ್ಟೈಡ್ ಇಲ್ಲದ ಅದೇ ಕ್ರೀಂ. ಯಾವುದು ಯಾವುದು ಅಂತ ಹಚ್ಚುವವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಪೆಪ್ಟೈಡ್ ಪಕ್ಕದಲ್ಲಿ ಗೆರೆಗಳು ಸ್ವಲ್ಪ ಇಳಿದವು. ಸ್ವಲ್ಪ. ಮಾಡಿದವರು ಕ್ರೀಂ ಮಾರುವ ದೊಡ್ಡ ಕಂಪನಿಯ ಮಂದಿಯೇ ಅನ್ನೋದನ್ನು ಬದಿಗಿಟ್ಟರೂ ನನಗೆ ಹಿಡಿಸಿದ್ದು ಅದರಲ್ಲಿದ್ದ ಪ್ರಮಾಣ. 3 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 3 ಪಾಲು. 30 ಗ್ರಾಂ ಡಬ್ಬಿಗೆ ಲೆಕ್ಕ ಹಾಕಿ. 0.09 ಮಿಲಿಗ್ರಾಂ ಬರುತ್ತದೆ. ಪುಡಿ ಉಪ್ಪಿನ ಒಂದೆರಡು ಹರಳಿನ ತೂಕ. ಮಿಕ್ಕ 29 ಗ್ರಾಂ ಚಿಲ್ಲರೆಯೆಲ್ಲ ಮಾಮೂಲಿ ಮಾಯಿಶ್ಚರೈಸರ್. ಒಣ ಚರ್ಮಕ್ಕೆ ಮಾಯಿಶ್ಚರೈಸರ್ ಹಚ್ಚಿದರೆ ಸಣ್ಣ ಗೆರೆಗಳು ತುಂಬಿಕೊಂಡು ಮುಖ ನುಣುಪಾಗಿ ಕಾಣುತ್ತದೆ. ಆ ಕೆಲಸದ ಹೆಸರೆಲ್ಲ ಹೋಗುವುದು ಆ ಒಂದೆರಡು ಹರಳಿಗೆ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮುಪ್ಪಾಗುವ ಚರ್ಮಕ್ಕೆ ಏನೂ ಇಲ್ಲವೇ? ಇದೆ. ಟ್ರೆಟಿನಾಯಿನ್ ಇದೆ. ಬಿಸಿಲಿಗೆ ಸುಕ್ಕಾದ ಚರ್ಮಕ್ಕೆ ಹಚ್ಚಲು 1995ರಲ್ಲಿ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಔಷಧಿ, ಡಾಕ್ಟರ ಚೀಟಿ ಬೇಕು, ಶುರುವಿನಲ್ಲಿ ಮುಖ ಕೆಂಪಾಗಿ ಸಿಪ್ಪೆ ಏಳುತ್ತದೆ, ಬಸುರಿಯರು ಹಚ್ಚುವಂತಿಲ್ಲ. ಬೋಟಾಕ್ಸ್ ಇದೆ. ಅದೂ ಔಷಧಿ. ಸನ್‌ಸ್ಕ್ರೀನ್ ಇದೆ. ಅಮೆರಿಕದಲ್ಲಿ ಅದೂ ಔಷಧಿಯ ಲೆಕ್ಕವೇ. ಕಾಯ್ದೆಯವರು ಯಾರನ್ನು ಯಾವ ಸಾಲಿನಲ್ಲಿ ಕೂರಿಸಿದ್ದಾರೆ ಅಂತ ನೋಡಿದರೆ ಸಾಕು, ಅರ್ಧ ಅನುಮಾನ ಪರಿಹಾರ.

ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 1992ರಿಂದ 1996ರವರೆಗೆ 903 ಜನರ ಚರ್ಮ ನೋಡಿದರು. ದಿನಾ ತಪ್ಪದೆ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ನಾಲ್ಕೂವರೆ ವರ್ಷದ ಕೊನೆಗೂ ಚರ್ಮದ ಮುಪ್ಪು ಗುರುತು ಹಿಡಿಯುವಷ್ಟು ಹೆಚ್ಚಿರಲಿಲ್ಲ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆ 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಚಾಲಕನೊಬ್ಬನ ಫೋಟೋ ಹಾಕಿತು. ಕಿಟಕಿ ಕಡೆಗಿದ್ದ ಎಡಗೆನ್ನೆ ದಪ್ಪ ದಪ್ಪ ಮಡಿಕೆ ಬಿದ್ದು ಜೋತಿದೆ. ಬಲಗೆನ್ನೆ ಎಷ್ಟೋ ವರ್ಷ ಕಿರಿಯನದು. ಒಂದೇ ಮುಖ, ಒಂದೇ ವಯಸ್ಸು, ನಡುವೆ ಮೂಗು. ಇಷ್ಟು ಒಳ್ಳೆಯ ಜಾಹೀರಾತು ಸಿಕ್ಕರೂ ಯಾರೂ ಅದನ್ನು ದೊಡ್ಡ ಬೋರ್ಡಿಗೆ ಏರಿಸಲಿಲ್ಲ. ನೆರಳಿನಲ್ಲಿ ಕೂರುವುದಕ್ಕೆ ಡಬ್ಬಿ ಮಾಡಲು ಆಗಲ್ಲ ನೋಡಿ.

ಕ್ರೀಂ ಒಳಗೆ ಇಳಿಯಲ್ಲ ಅನ್ನೋದು ಕೆಲವರಿಗೆ ಅರ್ಥವಾಗಿದೆ. ಅವರು ಕ್ರೀಂ ಬಿಟ್ಟು ಸೀದಾ ಸೂಜಿಗೆ ಹೋಗಿದ್ದಾರೆ. ಇಂಟರ್ನೆಟ್ಟಿನಲ್ಲಿ ತಾಮ್ರದ ಪೆಪ್ಟೈಡ್ ಪುಡಿ ತರಿಸಿ, ನೀರಿನಲ್ಲಿ ಕಲಸಿ, ತಾವೇ ಚುಚ್ಚಿಕೊಳ್ಳುತ್ತಾರೆ. ಆ ಸೀಸೆಗಳ ಮೇಲೆ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಅಂತ ಬರೆದಿರುತ್ತದೆ. ಆಗ ಅದರೊಳಗೆ ಏನಿದೆ, ಎಷ್ಟು ಶುದ್ಧ ಅಂತ ಯಾರೂ ಕೇಳಲ್ಲ. ಕ್ರೀಂ ಮನುಷ್ಯರಿಗೆ ಮಾಡಿದ್ದು, ಆದರೆ ಏನೂ ಮಾಡಲ್ಲ ಅಂತ ಬರೆದುಕೊಡುತ್ತದೆ. ಪುಡಿ ಏನೋ ಮಾಡಬಹುದು, ಆದರೆ ಮನುಷ್ಯರಿಗಲ್ಲ ಅಂತ ಬರೆದುಕೊಡುತ್ತದೆ. ಇಬ್ಬರೂ ಅದೇ ಲಾಯರ್ ಮೇಡಂ ಹತ್ತಿರ ಬರೆಸಿರಬೇಕು.

ಈಗ ಪೆಪ್ಟೈಡ್ ಹಾಕಿದ ಸನ್‌ಸ್ಕ್ರೀನ್ ಕೂಡ ಬಂದಿದೆ. ಮಾಮೂಲಿ ಸನ್‌ಸ್ಕ್ರೀನ್‌ಗಿಂತ ದುಬಾರಿ. ಧೈರ್ಯವಾಗಿ ಕೊಳ್ಳಿ, ದಿನಾ ದಪ್ಪಗೆ ಹಚ್ಚಿ. ಸುಕ್ಕು ನಿಧಾನವಾಗುತ್ತದೆ ಅಂತ ಬೇಕಾದರೆ ನಾನೇ ಸಹಿ ಹಾಕಿ ಕೊಡುತ್ತೇನೆ. ಯಾವುದರಿಂದ ಅಂತ ಮಾತ್ರ ಕೇಳಬೇಡಿ, ಪೆಪ್ಟೈಡ್‌ಗೆ ಬೇಜಾರಾಗುತ್ತದೆ.